ಕೈಗೆ ಏನೂ ಸಿಗದ ಹೊಳಪು

ದಸ್ತಗೀರಣ್ಣ ಕೆಂಡದ ಮೇಲಿನ ಕೊಂಬಿನ ತುಂಡನ್ನು ಬರಿಗೈಯಲ್ಲಿ ಎತ್ತುತ್ತಿದ್ದರು. ಇಕ್ಕಳ ಇರಲಿಲ್ಲವೆಂದಲ್ಲ. ಕೆಲಸವಿಲ್ಲದ ಮನೆ ಅಳಿಯನ ಹಾಗೆ ಅದು ಪಕ್ಕದಲ್ಲೇ ಗೋಡೆಗೊರಗಿ ಕೂತಿರುತ್ತಿತ್ತು. ಇವರು ಹೊಗೆಯಾಡುವ ತುಂಡನ್ನು ಹೆಬ್ಬೆರಳು ತೋರುಬೆರಳುಗಳಲ್ಲಿ ಹಿಡಿದು, ಕಾದ ಎರಡು ಕಬ್ಬಿಣದ ತಗಡುಗಳ ನಡುವೆ ಇಟ್ಟು, ಮೇಲೊಂದು ಮರದ ಕೊರಡು ಹೇರಿ, ಅದರ ಮೇಲೆ ತಾವೇ ಕೂತುಬಿಡುತ್ತಿದ್ದರು. ಎಮ್ಮೆಯ ತಲೆಯ ಮೇಲೆ ಡೊಂಕಾಗಿ ಬೆಳೆದದ್ದು ಹಾಗೆ ನೆಟ್ಟಗಾಗಿ ಚಾಕುವಿನ ಹಿಡಿಯಾಗಲು ತಯಾರಾಗುತ್ತಿತ್ತು. ಹರಿಹರದ ಆ ಓಣಿಯ ಜನ, ಮನೆಗೆ ಬಂದ ನೆಂಟರನ್ನು ಹೊಳೆ ತೋರಿಸಲು ಕರೆದೊಯ್ಯುವಾಗ ದಾರಿಯಲ್ಲಿ ಇವರ ಬಾಗಿಲಲ್ಲೂ ಒಂದು ಗಳಿಗೆ ನಿಲ್ಲಿಸುತ್ತಿದ್ದರು. "ನೋಡ್ರಿ, ಸಾಬ್ರ ಕೈ ಸುಡೋದೇ ಇಲ್ಲ" ಎಂದು ತೋರಿಸುತ್ತಿದ್ದರು. ನೆಂಟರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾನೂ ನೋಡಿದ್ದೇನೆ, ಬೆರಗಾಗಿದ್ದೇನೆ. ಅದು ಬೆರಗಾಗುವ ವಿಷಯವಲ್ಲ, ಹೆದರುವ ವಿಷಯ ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನಮ್ಮದು ದಾವಣಗೆರೆಯ ಹಳೇ ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ನನ್ನ ಮಾವ ಹಾಕಿದ್ದು. ಕುಡುಗೋಲು, ಕೊಡಲಿ, ಈಳಿಗೆ, ಎಲೆ ಕೊಯ್ಯುವ ಚಾಕು, ಕ್ಷೌರದ ಕತ್ತಿ, ಏನು ಬೇಕಾದರೂ ಸಿಗುತ್ತಿತ್ತು. ನಮ್ಮ ಯಜಮಾನರು ಗಲ್ಲಾಪೆಟ್ಟಿಗೆ ಬಿಟ್ಟು ಏಳುವ ಪೈಕಿ ಅಲ್ಲ. ಊರು ತಿರುಗುವ ಕೆಲಸ, ಜನರ ಹತ್ತಿರ ಜಗಳವಾಡುವ ಕೆಲಸ, ಎರಡೂ ನನ್ನ ಪಾಲು. ಎರಡನೆಯದು ನನಗೆ ಹೇಳಿ ಮಾಡಿಸಿದಂಥದ್ದು ಎಂದು ಮನೆಯಲ್ಲಿ ಎಲ್ಲರ ಅಭಿಪ್ರಾಯ. ಅಲಗುಗಳನ್ನು ಚೀಲಕ್ಕೆ ತುಂಬಿ ಸ್ಕೂಟಿಯ ಮುಂದಿಟ್ಟುಕೊಂಡು ಹರಿಹರಕ್ಕೆ ಹೋಗಿ, ದಸ್ತಗೀರಣ್ಣನಿಗೆ ಕೊಟ್ಟು, ಹಿಡಿ ಹಾಕಿದವುಗಳನ್ನು ತರುತ್ತಿದ್ದೆ.

ಈ ವ್ಯಾಪಾರ ನಮ್ಮತ್ತೆಗೆ ಬಿಸಿ ತುಪ್ಪ. ವಿಭೂತಿ ಇಲ್ಲದೆ ನೀರು ಕುಡಿಯದ ಹೆಂಗಸು. ಕೊಂಬಿನ ಹಿಡಿಯ ಚಾಕು ಅಂಗಡಿಯಲ್ಲಿ ಮಾರಬಹುದು, ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯ ಹೊಸ್ತಿಲು ದಾಟಬಾರದು. ಆದರೆ ಅವರು ತಲೆ ಬಾಚುತ್ತಿದ್ದ ಹಣಿಗೆ ಮಾತ್ರ ಅಪ್ಪಟ ಕೊಂಬಿನದು. ಒಮ್ಮೆ ಕೇಳಿಯೇ ಬಿಟ್ಟೆ. "ಅದು ಹಣಿಗೆ ಕಣೆ, ಅದೇ ಬ್ಯಾರೆ" ಎಂದು ಮಾತು ಮುಗಿಸಿದರು.

ದಸ್ತಗೀರಣ್ಣ ಹೊಳಪು ಕೊಡುವುದನ್ನು ನೋಡುತ್ತ ಕೂತರೆ ಹೊತ್ತು ಹೋಗುವುದು ಗೊತ್ತಾಗುತ್ತಿರಲಿಲ್ಲ. ಮೊದಲು ಅರದಿಂದ ಉಜ್ಜಿ ಆಕಾರ ತೆಗೆಯುವುದು. ಆಮೇಲೆ ಒಡೆದ ಗಾಜಿನ ಚೂರಿನಿಂದ ಕೆರೆಯುವುದು. ಗರಗತ್ತಿ ಎಲೆ ಎಂದು ಒಂದಿದೆ, ಮುಟ್ಟಿದರೆ ಬೆಕ್ಕಿನ ನಾಲಿಗೆಯ ಹಾಗೆ ತರಿತರಿ; ಅದನ್ನು ನೀರಲ್ಲಿ ನೆನೆಸಿ ತಿಕ್ಕುವುದು. ಅದಾದ ಮೇಲೆ ಎಳ್ಳೆಣ್ಣೆಯಲ್ಲಿ ಕಲಸಿದ ಇದ್ದಿಲ ಪುಡಿ, ಅದಾದ ಮೇಲೆ ಬಟ್ಟೆಯಲ್ಲಿ ಸೋಸಿದ ಬೂದಿ. ಎಲ್ಲಕ್ಕೂ ಕೊನೆಗೆ ಬರಿ ಅಂಗೈ. ಎಣ್ಣೆ ಹನಿಸಿಕೊಂಡು ಅಂಗೈಯಲ್ಲಿ ಹಿಡಿಯನ್ನು ಉಜ್ಜುತ್ತ ಉಜ್ಜುತ್ತ ಇದ್ದರೆ, ಕಪ್ಪು ಕೊಂಬಿನ ಒಳಗಿಂದ ಜೇನಿನ ಬಣ್ಣದ ಗೆರೆಗಳು ನಿಧಾನವಾಗಿ ಏಳುತ್ತಿದ್ದವು. ಅಷ್ಟು ಚೆಂದದ ವಸ್ತುವನ್ನು ಯಾರೋ ಒಬ್ಬರು ಈರುಳ್ಳಿ ಹೆಚ್ಚಲು ಕೊಂಡುಕೊಳ್ಳುತ್ತಾರಲ್ಲ ಎಂದು ನನಗೆ ಸಂಕಟವಾಗುತ್ತಿತ್ತು.

ಪೇಟೆಯಲ್ಲಿ ಕರೆಂಟಿನ ಚಕ್ರ ಇಟ್ಟುಕೊಂಡು ಒಂದೇ ಗಳಿಗೆಯಲ್ಲಿ ಥಳಥಳ ಮಾಡಿಕೊಡುವವರು ಬಂದಿದ್ದರು. ಆ ಮಾತೆತ್ತಿದರೆ ದಸ್ತಗೀರಣ್ಣ ನಗುತ್ತಿದ್ದರು. "ಮಷೀನ್ ಹೊಳಪು ಮದುವಿ ಮನೆ ನಗು ಇದ್ದಂಗೆ ತಂಗಿ. ಪೆಂಡಾಲ್ ಬಿಚ್ಚಿದ ಮ್ಯಾಲೆ ಇರಲ್ಲ."

ಅವರಿಗೆ ಕಸುಬು ಕಲಿಸಿದ ಉಸ್ತಾದರು ಅವರ ತಾಯಿಯ ಅಣ್ಣ. ಆ ಉಸ್ತಾದರ ಒಂದೊಂದು ಮಾತೂ ಇವರಿಗೆ ಕಂಠಪಾಠ. "ಹೊಳಪು ಕಣ್ಣಿಗಲ್ಲ, ಕೈಗೆ. ಕಣ್ಣು ಸುಳ್ಳು ಹೇಳ್ತೈತೆ, ಕೈ ಹೇಳಲ್ಲ" ಅನ್ನುವುದು ಒಂದು. "ಗೀರು ಇದ್ರೆ ಮುಚ್ಚಬ್ಯಾಡ, ತೆಗಿ" ಅನ್ನುವುದು ಇನ್ನೊಂದು. ಕಲಿಯುವವರಿಗೆ ಉಸ್ತಾದರು ಹಿಡಿಯನ್ನು ಕೆಳತುಟಿಗೆ ಹಚ್ಚಿ ನೋಡಲು ಹೇಳುತ್ತಿದ್ದರಂತೆ. ಎಳೆಯ ಬೆರಳಿಗೆ ತಿಳಿಯದ ಗೀರು ತುಟಿಗೆ ತಿಳಿಯುತ್ತದೆ. ವರ್ಷಗಟ್ಟಲೆ ಉಜ್ಜಿ ಬೆರಳು ಪಳಗಿದ ಮೇಲೆ ತುಟಿ ಬೇಕಿಲ್ಲ. ಆಗ ಹಿಡಿಯ ಮೇಲೆ ಬೆರಳು ಆಡಿಸಿದರೆ ಇದೆಯೋ ಇಲ್ಲವೋ ಅನ್ನುವಂಥ ಗೀರೂ ಗೊತ್ತಾಗುತ್ತದೆ. ಮತ್ತೆ ಯಾರಿಗೋ ಒಬ್ಬರಿಗೆ, ಅಲ್ಲಾನ ದಯೆ ಇದ್ದವರಿಗೆ, ಮುಪ್ಪಿನಲ್ಲಿ ಒಂದು ಹೊಳಪು ಸಿಗುತ್ತದಂತೆ.

"ಅವಾಗ ಕೈಗೆ ಏನೂ ಸಿಗಬಾರ್ದು. ಬೆರಳು ಹಿಂಗೆ ಹೋತು, ಹಿಂಗೆ ಬಂತು. ನಡುವೆ ಕೊಂಬು ಐತೆ ಅನ್ನೋದೇ ಗೊತ್ತಾಗಬಾರ್ದು. ಉಸ್ತಾದ್‌ಗೆ ಸಾಯೋ ಮುಂಚೆ ಒಂದು ಹಿಡಿಯಾಗೆ ಸಿಕ್ಕಿತ್ತಂತೆ. ನಂಗೆ ಎಲ್ಲಿ ಸಿಗಬೇಕು ಬಿಡ್ರಿ."

ಹೀಗೆ ಹೇಳುತ್ತ ಚಹಾ ಕುಡಿಯುತ್ತಿದ್ದರು. ಚಹಾಕ್ಕೆ ಸಕ್ಕರೆ ಎಷ್ಟು ಅನ್ನುವುದು ಅವರಿಗೂ ಹೆಂಡತಿ ಜೈತುನಕ್ಕನಿಗೂ ನಡೆಯುತ್ತಿದ್ದ ನಿತ್ಯದ ಕದನ. ಅವರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಓಣಿಗೆಲ್ಲ ಗೊತ್ತಿತ್ತು. ಮಾತ್ರೆಯನ್ನು ನೆನಪಾದ ದಿನ ನುಂಗುತ್ತಿದ್ದರು, ನೆನಪಾಗದ ದಿನ ಹಾಗಲಕಾಯಿ ತಿಂದೆನಲ್ಲ ಎನ್ನುತ್ತಿದ್ದರು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಇವರ ಬೆರಳನ್ನು ಒಪ್ಪುತ್ತಲೇ ಇರಲಿಲ್ಲ. "ನನ್ನ ಹೆಬ್ಬೆಟ್ಟಿಗೂ ಪಾಲಿಶ್ ಆಗೈತೆ" ಎಂದು ಸಾಲಿನಲ್ಲಿದ್ದವರನ್ನೆಲ್ಲ ನಗಿಸಿ ಬರುತ್ತಿದ್ದರು. ಅವರೊಡನೆ ಕೂತು ನಗದೆ ಎದ್ದು ಬಂದದ್ದು ನನಗೆ ನೆನಪಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ದಸ್ತಗೀರಣ್ಣ ಹೇಳದೆ ಕೇಳದೆ ದಾವಣಗೆರೆಯ ನಮ್ಮ ಮನೆಗೇ ಬಂದರು. ಅಂದು ಅಂಗಡಿಗೆ ರಜೆ. ಹಬ್ಬದ ಟೋಪಿ, ಇಸ್ತ್ರಿ ಮಾಡಿದ ಜುಬ್ಬಾ. ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಚಾಕು. ವರಾಂಡದಲ್ಲಿ ನಿಂತೇ ಬಟ್ಟೆ ಬಿಚ್ಚಿದರು.

"ತಂಗಿ, ಸಿಕ್ತು" ಅಂದರು. ಅಷ್ಟೇ. ಕಣ್ಣಲ್ಲಿ ನೀರು.

ಹಿಡಿಯನ್ನು ಕೈಗೆ ತೆಗೆದುಕೊಂಡೆ. ನಿಜಕ್ಕೂ ನುಣುಪಾಗಿತ್ತು. ಎಂದಿನಂತೆ ನುಣುಪಾಗಿತ್ತು. ಎಂದಿಗಿಂತ ಹೆಚ್ಚು ಎಂದು ನನಗೇನೂ ಅನ್ನಿಸಲಿಲ್ಲ. ಆದರೆ ಅವರ ಮುಖದಲ್ಲಿದ್ದ ಖುಷಿಯ ಮುಂದೆ ನನ್ನ ಬೆರಳುಗಳ ಸಾಕ್ಷಿ ಯಾರಿಗೆ ಬೇಕಿತ್ತು?

"ಈಗ ಯಾವ ಹಿಡಿ ಮುಟ್ಟಿದ್ರೂ ಹಿಂಗೇ ತಂಗಿ. ಒಂದೂ ಗೀರು ಸಿಗವಲ್ದು. ಉಸ್ತಾದ್‌ಗೆ ಒಂದ್ರಾಗೆ ಸಿಕ್ಕಿತ್ತು, ನಂಗೆ ಎಲ್ಲಾದ್ರಾಗೂ ಸಿಗಾಕತ್ತೈತೆ!"

ಆಗ ಒಳಗಿನಿಂದ ಊರುಗೋಲು ಕುಟ್ಟುತ್ತ ಬಂದ ಅತ್ತೆ, ಚಾಕುವಿನ ಕಡೆ ನೋಡಲೇ ಇಲ್ಲ. ಅವರ ಕಣ್ಣು ದಸ್ತಗೀರಣ್ಣನ ಕಾಲ ಮೇಲಿತ್ತು.

"ಏ ಸಾಬಣ್ಣ, ಇನ್ನೊಂದು ಮೆಟ್ಟು ಎಲ್ಲಿ ಹೋತು?"

ದಸ್ತಗೀರಣ್ಣ ಬಗ್ಗಿ ನೋಡಿಕೊಂಡರು. ಎಡಗಾಲಲ್ಲಿ ಚಪ್ಪಲಿ ಇತ್ತು, ಬಲಗಾಲು ಬರಿದು. ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಯವರೆಗೆ ಆ ಉರಿಬಿಸಿಲಿನ ಟಾರು ರಸ್ತೆಯಲ್ಲಿ ನಡೆದು ಬಂದಿದ್ದರು. ಅಂಗಾಲಿಗೆ ಟಾರು ಅಂಟಿತ್ತು. "ಅರೆ, ಬಸ್ಸಿನಾಗೆ ಬಿದ್ದಿರಬೇಕ್ರಿ ಅವ್ವಾರೆ! ಖುಷಿಯಾಗೆ ಗೊತ್ತೇ ಆಗಿಲ್ಲ ನೋಡ್ರಿ" ಎಂದು ನಕ್ಕರು. ನಾನೂ ನಕ್ಕೆ. ಅತ್ತೆ ನಗಲಿಲ್ಲ.

ಅವರು ಹೋದ ಮೇಲೆ ಅತ್ತೆ ನನ್ನನ್ನು ಕರೆದು ಕೂರಿಸಿಕೊಂಡರು. ಅವರದೂ ಸಕ್ಕರೆ ಕಾಯಿಲೆಯ ಮೈ. ಬಲಗಾಲಿನ ಎರಡು ಬೆರಳು ಆಗಲೇ ಹೋಗಿದ್ದವು. "ಗಿರ್ಜಾ, ನಂದೂ ಹಿಂಗೇ ಶುರುವಾಗಿದ್ದು. ದೇವಸ್ಥಾನದಿಂದ ಒಂದೇ ಮೆಟ್ಟಿನಾಗೆ ಮನೆಗೆ ಬಂದಿದ್ದೆ. ಆ ಮನ್ಷನ್ನ ದವಾಖಾನೆಗೆ ಕರ್ಕೊಂಡು ಹೋಗು. ಕಾಲಾದ ಮ್ಯಾಲೆ ಕೈ. ಮೊದ್ಲು ಅವು ಮಾತಾಡೋದು ಬಿಡ್ತಾವೆ. ಆಮ್ಯಾಲೆ ಹೋಗ್ತಾವೆ."

ಕೈಗೆ ಏನೂ ಸಿಗದ ಹೊಳಪು! ಕೊಂಬಿನಲ್ಲಿ ಗೀರು ಇಲ್ಲವಾಗಿರಲಿಲ್ಲ, ಗೀರನ್ನು ತಿಳಿಯುವ ಬೆರಳು ಸಾಯುತ್ತಿತ್ತು. ಕೆಂಡ ಸುಡದೆ ಇದ್ದದ್ದೂ ಅದಕ್ಕೇ. ಜೀವಮಾನವೆಲ್ಲ ಹುಡುಕಿದ್ದು ಸಿಕ್ಕಿತು ಎಂದು ಆ ಮನುಷ್ಯ ಹಬ್ಬದ ಟೋಪಿ ಹಾಕಿಕೊಂಡು ಊರೂರು ಹೇಳುತ್ತ ತಿರುಗುತ್ತಿದ್ದರು.

ಮರುವಾರವೇ ಹರಿಹರಕ್ಕೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕು, ಹೇಗೆ ಬೈಯಬೇಕು ಎಂದು ಜೋಡಿಸಿಕೊಂಡೇ ಹೋಗಿದ್ದೆ. ದಸ್ತಗೀರಣ್ಣ ಆಗಷ್ಟೇ ಒಂದು ಕ್ಷೌರದ ಕತ್ತಿಯ ಹಿಡಿ ಮುಗಿಸಿ ಒರೆಸುತ್ತಿದ್ದರು. "ಬರ್ರಿ ತಂಗಿ, ಕೂಡ್ರಿ. ಬಿಸಿಬಿಸಿ ಐತೆ, ನೋಡ್ರಿ. ಕೈಗೆ ಏನಾರ ಸಿಗ್ತೈತಾ?" ಎಂದು ನನ್ನ ಅಂಗೈಯಲ್ಲಿಟ್ಟರು.

ಸಿಕ್ಕಿತು. ಹೆಬ್ಬೆರಳು ಆಡಿಸಿದಲ್ಲೆಲ್ಲ ತರಕಲು. ಗಾಜಿನ ಚೂರು ಕೆರೆದ ಗೆರೆಗಳು ಹಾಗೆಹಾಗೇ ಇದ್ದವು. ಗರಗತ್ತಿ ಎಲೆಗೇ ಇನ್ನೂ ಕೆಲಸ ಬಾಕಿ ಇತ್ತು. ಮೇಲೆ ಎಣ್ಣೆ ಹಚ್ಚಿದ್ದರಿಂದ ಕಣ್ಣಿಗೆ ಮಾತ್ರ ಮಿಂಚುತ್ತಿತ್ತು. ನಾನು ತಲೆಯೆತ್ತಿದೆ. ದಸ್ತಗೀರಣ್ಣ ಪರೀಕ್ಷೆ ಬರೆದು ಬಂದವರ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಬೆನ್ನ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ಜೈತುನಕ್ಕ ನಿಂತಿದ್ದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆಯಾಡಿಸುತ್ತಿದ್ದರು. ಹೇಳಬೇಡಿ, ಹೇಳಬೇಡಿ. ಏನೂ ಸಿಗವಲ್ದು ಎಂದುಬಿಟ್ಟೆ.

ಮಧ್ಯಾಹ್ನದ ಜೋಹರ್ ನಮಾಜಿಗೆ ಅವರು ಮಸೀದಿಗೆ ಹೋದದ್ದೇ ತಡ, ಜೈತುನಕ್ಕ ಆ ಹಿಡಿಯನ್ನು ನನ್ನ ಕೈಯಿಂದ ಕಸಿದುಕೊಂಡು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತರು. ನೆನೆಸಿಟ್ಟ ಎಲೆ, ಇದ್ದಿಲ ಪುಡಿ, ಬೂದಿ, ಎಲ್ಲವನ್ನೂ ಒಂದು ಮೊರದ ಕೆಳಗೆ ಮುಚ್ಚಿಟ್ಟಿದ್ದರು. ತಿಕ್ಕತೊಡಗಿದರು. ಗಂಡನ ಪಕ್ಕದಲ್ಲಿ ಕೂತು ಎಲೆ ನೆನೆಸಿಕೊಡುತ್ತ, ಎಣ್ಣೆ ಹನಿಸುತ್ತ ನೋಡಿ ಕಲಿತ ಕೈ ಅದು. ನಾನು ವರಾಂಡದಲ್ಲಿ ಮುಟ್ಟಿ ನೋಡಿದ ಆ ಹಿಡಿಗೂ ಇದೇ ಕೈ ಬಿದ್ದಿತ್ತೆಂದು ಆಗ ತಿಳಿಯಿತು.

"ಇದೇನು ಮಾಡಾಕತ್ತೀರಿ ನೀವು? ಅವರ ಕೈ ಸಾಯಾಕತ್ತೈತೆ. ನೀವು ಮುಚ್ಚಿಟ್ರೆ ಅವರಿಗೆ ಗೊತ್ತಾಗೋದು ಹೆಂಗೆ?" ಎಂದು ಏರುದನಿಯಲ್ಲೇ ಕೇಳಿದೆ.

ಜೈತುನಕ್ಕ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಗೊತ್ತಾದ್ರೆ ಏನ್ ಉಳಿತೈತೆ ಗಿರ್ಜಮ್ಮ? ಮದುವಿ ಆದಾಗ್ನಿಂದ ನೋಡೀನಿ. ಒಂದು ಗೀರು ಉಳಿದ್ರೆ ಅವತ್ತು ಉಣ್ತಿರ್ಲಿಲ್ಲ. ಈಗ ಹಾಡ್ಕಂತ ಉಣ್ತಾರೆ. ನಾನು ಯಾವ ಬಾಯಿಲೆ ಕಸ್ಕೊಳ್ಲಿ ಅದನ್ನ?"

"ದವಾಖಾನೆಗಾದ್ರೂ ಕರ್ಕೊಂಡು ಬರ್ರಿ."

"ಕರದೆ. ಸಕ್ಕರೆ ತಿಂದಿದ್ದು ಬಾಯಿ, ಕೈಗ್ಯಾವ ರೋಗ ಅಂತಾರೆ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಆ ಹೆಂಗಸಿನ ಬೆರಳ ತುದಿಗಳು ಬಿರಿದು ಕೆಂಪಾಗಿದ್ದವು. ಜೈತುನಕ್ಕ ಗಂಡನ ಸುಖವನ್ನು ದಿನಾ ಹೊಸದಾಗಿ ಉಜ್ಜಿ ಉಜ್ಜಿ ಇಡುತ್ತಿದ್ದರು, ಆ ಸುಖವೇ ಗಂಡನನ್ನು ತಿನ್ನುತ್ತಿತ್ತು.

ಅಲ್ಲಿಂದ ಮುಂದೆ ಹೋದಾಗಲೆಲ್ಲ ನಾನು ದವಾಖಾನೆಯ ರಾಗ ತೆಗೆಯುತ್ತಿದ್ದೆ. ಅವರು ಮಾತು ತೇಲಿಸುತ್ತಿದ್ದರು. ಒಮ್ಮೆ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಅಲಗು ತಾಗಿದ್ದು ರಕ್ತ ನೆಲಕ್ಕೆ ಬಿದ್ದ ಮೇಲೆ ಗೊತ್ತಾಯಿತಂತೆ. ಇನ್ನೊಮ್ಮೆ ಉಗುರಿನ ಸುತ್ತ ಕಪ್ಪಾಗಿತ್ತು. ಇದ್ದಿಲು ಎಂದರು. ಇದ್ದಿಲು ತೊಳೆದರೆ ಹೋಗುತ್ತದೆ, ಇದು ಹೋಗಿರಲಿಲ್ಲ. ಓಣಿಯ ಜನ ಮಾತ್ರ ನೆಂಟರನ್ನು ಕರೆತರುವುದನ್ನು ಬಿಟ್ಟಿರಲಿಲ್ಲ. ಕೆಂಡಕ್ಕೆ ಕೈ ಹಾಕಿದಾಗ ಚಪ್ಪಾಳೆ ಹೊಡೆದವರೂ ಇದ್ದರು.

ಮಳೆಗಾಲ ಮುಗಿಯುತ್ತ ಬಂದಿತ್ತು. ಅಂದು ಅವರು ಬಲು ಖುಷಿಯಲ್ಲಿದ್ದರು. ದೊಡ್ಡದೊಂದು ಕೊಂಬನ್ನು ತಗಡಿನ ನಡುವೆ ಒತ್ತುತ್ತ, ಉಸ್ತಾದರು ಒಮ್ಮೆ ಹೊಳೆ ತುಂಬಿ ಬಂದಾಗ ಕೊಂಬಿನ ಮೂಟೆ ತಲೆಯ ಮೇಲಿಟ್ಟುಕೊಂಡು ಈಜಿದ ಕತೆ ಹೇಳುತ್ತಿದ್ದರು. ನಾನು ಎದುರಿಗೆ ಕೂತು ಕೇಳುತ್ತಿದ್ದೆ. ಆ ಮನೆಯಲ್ಲಿ ಸುಟ್ಟ ವಾಸನೆ ಹೊಸದಲ್ಲ. ಕೊಂಬು ಸುಡುವುದೂ ಕೂದಲು, ಉಗುರು, ಚರ್ಮ ಸುಡುವುದೂ ಮೂಗಿಗೆ ಹೆಚ್ಚು ಕಡಿಮೆ ಒಂದೇ. ಕತೆಯಲ್ಲಿ ಉಸ್ತಾದರು ಇನ್ನೂ ಹೊಳೆಯ ನಡುವೆ ಇದ್ದರು. ನನ್ನ ಕಣ್ಣು ಸುಮ್ಮನೆ ಕೆಳಗೆ ಹೋಯಿತು. ದಸ್ತಗೀರಣ್ಣನ ಬಲಗೈಯ ಹೆಬ್ಬೆರಳು ಕಾದ ತಗಡಿನ ಮೇಲೆ ಊರಿತ್ತು. ಅದರ ಸುತ್ತ ತೆಳ್ಳಗೆ ಹೊಗೆ ಏಳುತ್ತಿತ್ತು.

ಕಿರುಚಿಕೊಂಡು ಅವರ ಕೈಯನ್ನು ಹೊಡೆದೆ. ಹೆಬ್ಬೆರಳು ತಗಡಿನಿಂದ ಕಿತ್ತು ಬಂತು, ಚರ್ಮ ಅದರ ಮೇಲೇ ಉಳಿಯಿತು. ಅವರು ಬೆಚ್ಚಿಬಿದ್ದದ್ದು ನನ್ನ ಕಿರುಚಾಟಕ್ಕೆ, ಸುಟ್ಟದ್ದಕ್ಕಲ್ಲ.

"ಕೊಂಬಿನ ವಾಸ್ನೆ ಅಂದ್ಕೊಂಡಿದ್ದೆ" ಅಂದರು.

ಜೈತುನಕ್ಕ ಓಡಿ ಬಂದು ಕೈಯನ್ನು ನೀರಿನ ಚೊಂಬಿಗೆ ಅದ್ದಿದರು. ದಸ್ತಗೀರಣ್ಣ ಆಗಲೂ ನಗುವುದಕ್ಕೆ ನೋಡಿದರು. "ಏನಾಗಲ್ಲ ಸುಮ್ನಿರು. ಪಳಗಿದ ಕೈ ಇದು, ಬೆಂಕಿಗೂ ಅಂಜಲ್ಲ."

ನನಗೆ ಇನ್ನು ತಡೆಯಲಾಗಲಿಲ್ಲ. ಆ ದಿನ ಬೆಳಿಗ್ಗೆ ಮುಗಿಸಿಟ್ಟ, ಜೈತುನಕ್ಕನ ಕೈಗೆ ಇನ್ನೂ ಹೋಗದ ಹಿಡಿಯೊಂದು ಗೋಡೆಯ ಗೂಡಿನಲ್ಲಿತ್ತು. ತೆಗೆದು ಅವರ ಮುಖದ ಮುಂದೆ ಹಿಡಿದೆ.

"ತುಟಿಗೆ ಹಚ್ಚಿ ನೋಡ್ರಿ ದಸ್ತಗೀರಣ್ಣ."

"ತುಟಿ ಕಲಿಯೋರಿಗೆ ತಂಗಿ."

"ನಂಗೋಸ್ಕರ ನೋಡ್ರಿ."

"ಬ್ಯಾಡ ಗಿರ್ಜಮ್ಮ" ಎಂದರು ಜೈತುನಕ್ಕ. ಆ ದನಿ ಕೇಳಿಯೇ ಇರಬೇಕು, ದಸ್ತಗೀರಣ್ಣ ಒಮ್ಮೆ ಹೆಂಡತಿಯ ಕಡೆ ನೋಡಿ, ಎಡಗೈಯಲ್ಲಿ ಹಿಡಿಯನ್ನು ತೆಗೆದುಕೊಂಡರು. ಕೆಳತುಟಿಗೆ ಹಚ್ಚಿ ನಿಧಾನವಾಗಿ ಎಳೆದರು. ನಡುವೆ ನಿಂತರು. ಮತ್ತೆ ಎಳೆದರು. ಗೂಡಿನಿಂದ ಇನ್ನೊಂದು ತೆಗೆದು ಹಚ್ಚಿಕೊಂಡರು, ಮತ್ತೊಂದು ತೆಗೆದರು. ಆಮೇಲೆ ನಾನು ಒಯ್ಯಲೆಂದು ಕಟ್ಟಿಟ್ಟಿದ್ದ ಚೀಲ ಬಿಚ್ಚಿ ಅದರಿಂದ ಒಂದನ್ನು ತೆಗೆದರು. ಅದು ಜೈತುನಕ್ಕ ತಿಕ್ಕಿದ್ದು. ತುಟಿಯ ಮೇಲೆ ತಡೆಯಿಲ್ಲದೆ ಜಾರಿತು.

"ಇದು ನನ್ನ ಕೈಯಿಂದಲ್ಲ" ಅಂದರು. ಹೆಂಡತಿಯ ಬಿರಿದ ಬೆರಳುಗಳನ್ನು ಆ ದಿನವೇ ಮೊದಲು ನೋಡುವವರಂತೆ ನೋಡಿದರು. "ಎಲ್ಲಾನೂ ನೀನೇನು?"

ಜೈತುನಕ್ಕ ತಲೆಯಾಡಿಸಿ ಅಳತೊಡಗಿದರು. ನನಗೂ ಅಳು ಬಂತು. ಹೇಳಬೇಕಾದ್ದನ್ನು ಹೇಳಿಸಿದ್ದೆ, ಆದರೆ ಒಬ್ಬ ಮನುಷ್ಯನ ಮುಖ ಕಣ್ಣೆದುರಿಗೇ ಮುದಿಯಾಗುವುದನ್ನು ನೋಡುವುದು ಸುಲಭವಲ್ಲ. ಅವರು ಆ ಹಿಡಿಯನ್ನು ಮತ್ತೊಮ್ಮೆ ತುಟಿಗೆ ಹಚ್ಚಿ ನೋಡಿದರು. "ಚೊಲೋ ಮಾಡೀಯ" ಎಂದರು ಹೆಂಡತಿಗೆ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಚೊಂಬಿನಲ್ಲಿದ್ದ ನೀರನ್ನು ತಾವೇ ಕೆಂಡದ ಮೇಲೆ ಸುರಿದರು. ಹಗಲು ಹೊತ್ತಿನಲ್ಲಿ ಆ ಒಲೆ ಆರಿದ್ದನ್ನು ನಾನು ನೋಡಿರಲಿಲ್ಲ.

ದಾವಣಗೆರೆಯ ದವಾಖಾನೆಯೊಂದಕ್ಕೆ ನಾವೇ ಕರೆತಂದೆವು. ಹೆಬ್ಬೆರಳು ಕಪ್ಪಿಟ್ಟಿತ್ತು. ಮೇಲಿನ ಗೆಣ್ಣು ಉಳಿಯಲಿಲ್ಲ. ಡಾಕ್ಟರು ಕೈಗಳನ್ನೂ ಕಾಲುಗಳನ್ನೂ ದಿನಾ ಕಣ್ಣಿಂದ ನೋಡಿಕೊಳ್ಳಿ, ನೋವಾದರೆ ಗೊತ್ತಾಗುತ್ತದೆ ಎಂದು ಕಾಯಬೇಡಿ ಎಂದು ಬಿಡಿಸಿ ಬಿಡಿಸಿ ಹೇಳಿದರು. ದಸ್ತಗೀರಣ್ಣ ಎಲ್ಲಕ್ಕೂ ಹೂಂ ಎಂದರು. ನಮ್ಮತ್ತೆ ಡಬ್ಬಿಯಲ್ಲಿ ಸಪ್ಪೆ ಗಂಜಿ ತಂದುಕೊಟ್ಟು, "ಇನ್ನಾದ್ರೂ ನಾಲಿಗೆ ಕಟ್ಟು ಸಾಬಣ್ಣ" ಎಂದು ಬೈದು, ಹೊರಗೆ ಬಂದು ಕಣ್ಣೊರೆಸಿಕೊಂಡರು.

ಹರಿಹರಕ್ಕೆ ಮರಳಿದ ಮೇಲೆ ಒಲೆ ಮತ್ತೆ ಹೊತ್ತಿತು. ಅದರ ಮುಂದೆ ಈಗ ಇಕ್ಕಳ ಹಿಡಿದು ಜೈತುನಕ್ಕ ಕೂತರು. ಮುಚ್ಚಿಡುವ ಮೊರ ಹೋಯಿತು. ದಸ್ತಗೀರಣ್ಣ ಮಂಚದ ಮೇಲೆ ಕೂತು ಒಂದೊಂದು ಹಿಡಿಯನ್ನೂ ತುಟಿಗೆ ಹಚ್ಚಿ ನೋಡುತ್ತಿದ್ದರು. ಕಲಿಯುವವರ ಹಾಗೆ ಎಂದು ಅವರೇ ತಮಾಷೆ ಮಾಡಿಕೊಳ್ಳುತ್ತಿದ್ದರು. "ಇಲ್ಲೈತೆ ನೋಡು ಗೀರು" ಎಂದು ವಾಪಸು ಕೊಡುತ್ತಿದ್ದರು. ಜೈತುನಕ್ಕ ಗೊಣಗುತ್ತ ಮತ್ತೆ ತಿಕ್ಕುತ್ತಿದ್ದರು. ಸಕ್ಕರೆಯ ಜಗಳದ ಜಾಗಕ್ಕೆ ಗೀರಿನ ಜಗಳ ಬಂದಿತ್ತು. ಗಂಡಾಂತರ ಕಳೆಯಿತು, ಹೆಬ್ಬೆರಳಿನಲ್ಲೇ ಮುಗಿಯಿತು ಎಂದು ನಾನು ನಂಬಿದೆ. ನಂಬಬೇಕು ಎಂದು ತುಂಬ ಆಸೆಯಿತ್ತು.

ಕೊನೆಯ ಸಲ ನೋಡಿದ್ದು ರಂಜಾನಿಗೆ ಸ್ವಲ್ಪ ಮುಂಚೆ, ಬಿಸಿಲು ಏರುವ ಹೊತ್ತು. ಜೈತುನಕ್ಕ ಹಿತ್ತಲಲ್ಲಿ ತಿಕ್ಕುತ್ತಿದ್ದರು, ಎಲೆಯ ಸರಸರ ಸದ್ದು ಒಳಗೆ ಕೇಳುತ್ತಿತ್ತು. ದಸ್ತಗೀರಣ್ಣ ಕಾಲು ಚಾಚಿ, ಸೊಂಟದವರೆಗೆ ಹೊದಿಕೆ ಎಳೆದುಕೊಂಡು ಕೂತಿದ್ದರು. ಮುಖ ತಿಳಿಯಾಗಿತ್ತು. ಹೆಂಡತಿ ಅಂದು ಮುಗಿಸಿದ್ದ ಹಿಡಿಯೊಂದನ್ನು ನನಗೆ ಕೊಡುವ ಮುಂಚೆ ಮತ್ತೊಮ್ಮೆ ತುಟಿಗೆ ಹಚ್ಚಿಕೊಂಡರು.

"ಇ‌ಕಿ ಕೈಯಾಗೆ ನನಗಿಲ್ಲದ್ದು ಏನೋ ಐತೆ ತಂಗಿ. ನಾನು ಜೋರು ಮಾಡ್ತಿದ್ದೆ. ಇಕಿ ಕೊಂಬನ್ನ ಕೇಳ್ಕೊಂಡು ತಿಕ್ತಾಳೆ."

ಹೀಗೆ ಹೇಳುತ್ತಿರುವಾಗ ನೆಲದ ಮೇಲೆ ಕೆಂಪಿರುವೆಗಳ ಸಾಲು ಕಂಡಿತು. ನೀರಿನ ಮಡಕೆಯ ಮೂಲೆಯಿಂದ ಹೊರಟು, ಮಂಚದ ಕಾಲನ್ನು ಹತ್ತಿ, ಹೊದಿಕೆಯ ಒಳಗೆ ಹೋಗುತ್ತಿತ್ತು. ಕದ್ದು ಏನೋ ಸಿಹಿ ತಿಂದು ಹಾಸಿಗೆಯಲ್ಲಿ ಚೆಲ್ಲಿಕೊಂಡಿದ್ದಾರೆ ಎಂದು ಬೈಯುವುದಕ್ಕೆ ಬಾಯಿ ತೆರೆದು, ಹೊದಿಕೆಯನ್ನು ಎತ್ತಿದೆ.

ಬಲಗಾಲಿನ ಹಿಮ್ಮಡಿ ಬಾಯಿ ಬಿಟ್ಟಿತ್ತು. ಇರುವೆಗಳು ಅದರ ಒಳಗೆ ಹೋಗಿ ಬರುತ್ತಿದ್ದವು.

ಅವರು ಇನ್ನೂ ಹಿಡಿಯ ಬಗ್ಗೆಯೇ ಮಾತಾಡುತ್ತಿದ್ದರು. ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ಬಗ್ಗಿ ತಮ್ಮ ಕಾಲನ್ನು ನೋಡಿಕೊಂಡರು. ಗಾಬರಿಯಾಗಲಿಲ್ಲ. ಎಡಗೈ ಚಾಚಿ ಸಾಲಿನ ನಡುವೆ ಒಂದು ಬೆರಳಿಟ್ಟರು. ಇರುವೆಗಳು ಆ ಬೆರಳನ್ನೂ ಹತ್ತಿ ಇಳಿದು ಮುಂದೆ ಹೋದವು.

"ಯಾವಾಗ್ನಿಂದ ಅದಾವೋ ಏನೋ" ಅಂದರು. ಆಮೇಲೆ ಹಿತ್ತಲ ಕಡೆ ಕಿವಿಯಾನಿಸಿ, ದನಿ ತಗ್ಗಿಸಿದರು. "ಇಕಿಗೆ ಹೇಳಬ್ಯಾಡ್ರಿ ತಂಗಿ. ಕೈಯಾಗೆ ಒಂದು ಹಿಡಿ ಐತೆ, ಅದನ್ನ ಮುಗಿಸ್ಲಿ."

ನಾನು ಹೇಳಿದೆ. ಹಿತ್ತಲಿಗೆ ಕೇಳುವಂತೆ ಕೂಗಿಯೇ ಹೇಳಿದೆ. ಎಲೆಯ ಸದ್ದು ನಿಂತುಹೋಯಿತು. ಆಟೋದಲ್ಲಿ ದಾವಣಗೆರೆಗೆ ಕರೆದೊಯ್ಯುವಾಗ ಜೈತುನಕ್ಕ ಗಂಡನ ಕಾಲನ್ನು ಮಡಿಲಲ್ಲಿಟ್ಟುಕೊಂಡು, ತಮ್ಮ ಸೆರಗಿನಿಂದ ಒಂದೊಂದೇ ಇರುವೆಯನ್ನು ಒರೆಸಿ ತೆಗೆಯುತ್ತಿದ್ದರು. ದಸ್ತಗೀರಣ್ಣನಿಗೆ ಅದೂ ಗೊತ್ತಾಗುತ್ತಿರಲಿಲ್ಲ. ಅವರು ಮತ್ತೆ ಹರಿಹರದ ಆ ಓಣಿಗೆ ಬಂದದ್ದು ನಾಲ್ಕು ಜನರ ಹೆಗಲ ಮೇಲೆ.